ಧ್ವನಿಯನ್ನು ಅಂಕೆಗೆ ಇಳಿಸುವಾಗ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಹಳೆ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಶಾಲೆಯ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಏರಿಸಬೇಕೆಂದು ಸಮಿತಿ ನಿಶ್ಚಯಿಸಿದೆ. ವಾರ್ಷಿಕೋತ್ಸವದ ತಾಳಮದ್ದಳೆ, ಗುರುಗಳ ಬೀಳ್ಕೊಡುಗೆಯ ಮಾತು, ಮಕ್ಕಳ ಪ್ರಾರ್ಥನೆ ಇವೆಲ್ಲ ಅದರಲ್ಲಿವೆ. ಧ್ವನಿಮುದ್ರಣವೇ ನನ್ನ ವೃತ್ತಿಯಾದುದರಿಂದ ಈ ಕುರಿತು ನಾಲ್ಕು ಮಾತು ಹೇಳಲು ಅಪ್ಪಣೆಯಾಗಿದೆ. ಮೊದಲು ನನ್ನದೇ ಒಂದು ನಷ್ಟವನ್ನು ನಿವೇದಿಸುತ್ತೇನೆ.

ನನ್ನ ಅಜ್ಜ ತಾಳಮದ್ದಳೆಯ ಅರ್ಥಧಾರಿಗಳು. ಅವರ ಒಂದು ರಾತ್ರಿಯ ಅರ್ಥಗಾರಿಕೆ ಎರಡು ಕ್ಯಾಸೆಟ್ಟುಗಳಲ್ಲಿ ಉಳಿದಿತ್ತು. ಈ ವಿದ್ಯೆಯನ್ನು ಕಲಿಯುವ ಮೊದಲೇ ಅವನ್ನು ಪೇಟೆಯ ಅಂಗಡಿಯೊಂದಕ್ಕೆ ಕೊಟ್ಟು ಕಡತ ಮಾಡಿಸಿದೆ. ಗಾತ್ರ ಚಿಕ್ಕದಾಗಲೆಂದು ಅವರು ಸೆಕೆಂಡಿಗೆ 8,000 ಮಾದರಿಗಳ ದರವನ್ನು ಬಳಸಿದ್ದರು. ಅಜ್ಜ ದೂರವಾಣಿಯಲ್ಲಿ ಮಾತಾಡಿದಂತೆ ಕೇಳಿಸಿತು. ಸಕಾರ ಶಕಾರಗಳ ಭೇದ ಮಸುಕಾಗಿತ್ತು; ಜಾಗಟೆಯ ನಾದ ತಗಡಿನ ಸದ್ದಾಗಿತ್ತು. ಮತ್ತೊಮ್ಮೆ ಮಾಡಿಸಿದರಾಯಿತು ಎಂದುಕೊಂಡೆ. ಕೆಲವು ಮಳೆಗಾಲಗಳ ಬಳಿಕ ಪೆಟ್ಟಿಗೆ ತೆರೆದರೆ ಟೇಪಿಗೆ ಬೂಷ್ಟು ಹಿಡಿದು, ಅದರ ಲೇಪವೇ ಕಿತ್ತುಬರುತ್ತಿತ್ತು.

ಹೀಗೇಕಾಯಿತು? ಧ್ವನಿಯೆಂದರೆ ಗಾಳಿಯ ಒತ್ತಡದ ಏರಿಳಿತ. ಯಂತ್ರವು ಅದನ್ನು ಸೆಕೆಂಡಿಗೆ ಇಷ್ಟು ಸಾವಿರ ಬಾರಿ ಅಳೆದು ಸಂಖ್ಯೆಗಳಾಗಿ ಬರೆದಿಡುತ್ತದೆ. ಒಂದೊಂದು ಅಳತೆಯೂ ಒಂದು ಸ್ಯಾಂಪಲ್, ಅಂದರೆ ಮಾದರಿ. ಒಂದು ಕಂಪನವನ್ನು ಹಿಡಿಯಬೇಕಾದರೆ ಅದರ ಎರಡು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಅಳೆಯಬೇಕು. ನೈಕ್ವಿಸ್ಟ್ 1928ರಲ್ಲಿ ಇದಕ್ಕೆ ತಳಹದಿ ಹಾಕಿದರು. ಶ್ಯಾನನ್ 1949ರಲ್ಲಿ ಗಣಿತದಿಂದ ಸ್ಥಾಪಿಸಿದರು. ಆದುದರಿಂದ 8,000ದ ದರದಲ್ಲಿ 4,000 ಕಂಪನಗಳಿಂದ ಮೇಲಿನದು ಉಳಿಯದು. ಸಕಾರದ ಸೀತ್ಕಾರ, ಜಾಗಟೆ ಚಕ್ರತಾಳಗಳ ಝೇಂಕಾರ ಬಹುಪಾಲು ಅದಕ್ಕೂ ಮೇಲೆ ನೆಲೆಸಿವೆ. ಅಳೆಯುವ ಮೊದಲು ಅವನ್ನು ಸೋಸಿ ತೆಗೆಯದಿದ್ದರೆ ಇನ್ನೊಂದು ಅನರ್ಥ: 5,000ದ ಕಂಪನವು 3,000ದ ವೇಷ ತೊಟ್ಟು, ಮೂಲದಲ್ಲಿ ಇಲ್ಲದ ಸ್ವರವಾಗಿ ಕೇಳಿಸುತ್ತದೆ.

ಮನುಷ್ಯನ ಕಿವಿ ಸುಮಾರು 20,000 ಕಂಪನಗಳವರೆಗೆ ಗ್ರಹಿಸುತ್ತದೆ. 1982ರಲ್ಲಿ ಬಂದ ಸಿ.ಡಿ.ಯ ದರ 44,100. ಅಂಕೆಗಳ ಧ್ವನಿಯನ್ನು ಆಗ ವಿಡಿಯೊ ಟೇಪಿನಲ್ಲಿ ತುಂಬಿಡುತ್ತಿದ್ದರು. ಒಂದು ಗೆರೆಗೆ 3 ಮಾದರಿ, ಒಂದು ಕ್ಷೇತ್ರಕ್ಕೆ 245 ಗೆರೆ, ಸೆಕೆಂಡಿಗೆ 60 ಕ್ಷೇತ್ರ, ಗುಣಿಸಿದರೆ 44,100. ಚಲನಚಿತ್ರ, ವಿಡಿಯೊಗಳಲ್ಲಿ 48,000 ರೂಢಿಯಾಯಿತು.

ಎರಡು ದರಗಳಿರುವುದರಿಂದ ಪರಿವರ್ತನೆ ಅನಿವಾರ್ಯ. 44,100ರ ಕಡತವನ್ನು 48,000 ಎಂದು ತಪ್ಪಾಗಿ ನುಡಿಸಿದರೆ ಹಾಡು ನೂರಕ್ಕೆ ಸುಮಾರು 9ರಷ್ಟು ವೇಗವಾಗಿ ಓಡುತ್ತದೆ. ಭಾಗವತರ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ. ಸರಿಯಾದ ಪರಿವರ್ತನೆಯಲ್ಲಿ ಪ್ರತಿ 147 ಮಾದರಿಗಳ ಸ್ಥಾನದಲ್ಲಿ 160 ಹೊಸ ಮಾದರಿಗಳನ್ನು ಲೆಕ್ಕಹಾಕಬೇಕು. ಇಂದಿನ ತಂತ್ರಾಂಶಗಳು ಇದನ್ನು ಚೆನ್ನಾಗಿ ಮಾಡುತ್ತವೆ. ಆದರೆ ಮೊದಲು ಹಿಡಿಯದಿದ್ದ ಧ್ವನಿಯನ್ನು ಯಾವ ಪರಿವರ್ತನೆಯೂ ಮರಳಿಸಲಾರದು. ಅಜ್ಜನ ಕಡತವನ್ನು ನಾನು 48,000ಕ್ಕೆ ಏರಿಸಿ ನೋಡಿದ್ದೇನೆ. ಕಡತ ದೊಡ್ಡದಾಯಿತು, ಸಕಾರ ಮರಳಲಿಲ್ಲ.

ಆದುದರಿಂದ ಸಮಿತಿಯಲ್ಲಿ ನನ್ನ ವಿನಂತಿ ಇಷ್ಟೆ. ಧ್ವನಿಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವು ಕನಿಷ್ಠ 48,000ದ ದರ, 24 ಬಿಟ್‌ಗಳ ಅಳತೆಯನ್ನು ಸೂಚಿಸುತ್ತದೆ. ನಾವೂ ಅದನ್ನೇ ಅನುಸರಿಸೋಣ. ಒಂದೇ ವಾಹಿನಿಯ ಧ್ವನಿಯಾದರೆ ಗಂಟೆಗೆ ಸುಮಾರು 52 ಕೋಟಿ ಬೈಟ್ ಬೇಕು. ಇಂದು ಅದು ಭಾರವಲ್ಲ. ಆ ಮೂಲ ಕಡತವನ್ನು ಮುಟ್ಟದೆ ಎರಡು ಕಡೆ ಇಡೋಣ. ಮೊಬೈಲಿನಲ್ಲಿ ಹಂಚಲು ಚಿಕ್ಕ ಪ್ರತಿಯನ್ನು ಅದರಿಂದ ಮಾಡಿಕೊಳ್ಳೋಣ. ಕಡತವಾಯಿತೆಂದು ಕ್ಯಾಸೆಟ್ಟನ್ನು ಎಸೆಯಬಾರದು. ಮನೆಗಳಲ್ಲಿ ಕ್ಯಾಸೆಟ್ಟುಗಳಿದ್ದವರು ದಯವಿಟ್ಟು ಮುಂದಿನ ಮಳೆಗಾಲದ ಮೊದಲು ತಂದುಕೊಡಿ.

ಗಡಿಯ ಈಚೆಗಿನ ನಮ್ಮ ಕನ್ನಡಕ್ಕೆ ಅದರದೇ ಆದ ಧಾಟಿಯಿದೆ. ಶಕಾರ, ಷಕಾರ, ಸಕಾರಗಳನ್ನು ಬಿಡಿಸಿ ನುಡಿಯಲು ಈ ಶಾಲೆಯ ಗುರುಗಳು ನಮ್ಮ ಕಿವಿಹಿಂಡಿ ಕಲಿಸಿದರು. ಅವರ ಧ್ವನಿಯಲ್ಲಾದರೂ ಆ ಅಕ್ಷರಗಳು ಸ್ಪಷ್ಟವಾಗಿ ಉಳಿಯಲಿ.