ಎಚ್ಚರಿಕೆಯ ಸಾಲು ಯಾರ ನುಡಿಯಲ್ಲಿ?

ದಾವಣಗೆರೆ-ಹರಿಹರದ ಗೆಳೆಯರೇ,

ನಮ್ಮ ಖಾರ ಮಂಡಕ್ಕಿಯಲ್ಲಿ ಶೇಂಗಾ ಇದ್ದರೆ ಕಣ್ಣಿಗೆ ಕಾಣುತ್ತದೆ. ಕಾಣದಿದ್ದರೆ "ಇದ್ರಾಗ ಶೇಂಗಾ ಐತೇನಣ್ಣಾ?" ಅಂತ ಕೇಳಬಹುದು. ಬಿಸ್ಕತ್ ಪೊಟ್ಟಣವನ್ನು ಏನಂತ ಕೇಳುತ್ತೀರಿ? ಅದು ಬಾಯಿ ಬಿಡುವುದು ಬೆನ್ನ ಮೇಲಿನ ಸಣ್ಣ ಅಕ್ಷರದಲ್ಲಿ, ಅದೂ ಹೆಚ್ಚಾಗಿ ಇಂಗ್ಲಿಷಿನಲ್ಲಿ!

ಅಲರ್ಜಿ ಎಂದರೆ ಬರೀ ತುರಿಕೆಯಲ್ಲ. ಕೆಲವರಿಗೆ ಒಂದು ಚೂರು ಶೇಂಗಾ ಸಾಕು, ಗಂಟಲು ಊದಿ ಉಸಿರು ಕಟ್ಟುತ್ತದೆ. ಅದಕ್ಕೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮ ಬಂತು. ಗೋಧಿಯಂಥ ಗ್ಲುಟೆನ್ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ, ಶೇಂಗಾ, ಗೋಡಂಬಿ-ಬಾದಾಮಿ, ಸೋಯಾ ಇದ್ದರೆ ಬೇರೆಯಾಗಿ ಹೇಳಲೇಬೇಕು. ಸಲ್ಫೈಟ್ ಕಿಲೋಗೆ 10 ಮಿಲಿಗ್ರಾಂ ಮುಟ್ಟಿದರೆ ಅದನ್ನೂ. ಒಳ್ಳೆಯ ನಿಯಮವೇ. ಆದರೆ ಯಾವ ನುಡಿಯಲ್ಲಿ? ಇಂಗ್ಲಿಷ್, ಇಲ್ಲವೇ ದೇವನಾಗರಿಯ ಹಿಂದಿ! ಕನ್ನಡ? ಬೇಕಾದರೆ ಜೊತೆಗೆ ಹಾಕಿಕೊಳ್ಳಿ, ಅಡ್ಡಿಯಿಲ್ಲವಂತೆ. ಬರೀ ಅಡ್ಡಿಯಿಲ್ಲ ಎಂದರೆ ಹಾಕುವವರು ಯಾರು ಸ್ವಾಮಿ?

ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ, ಇಲ್ಲಿ ತಯಾರಾಗುವ ಸರಕಿನ ಮೇಲೆ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಲಿ ಎಂದು ಆದೇಶಿಸಿತು. ಸಂತೋಷ. ಎಚ್ಚರಿಕೆಯ ಸಾಲು? ಹೊರಗಿನಿಂದ ಬಂದಿಳಿಯುವ ಪೊಟ್ಟಣ?

ನೀವು ಇಂಗ್ಲಿಷ್ ಓದಬಲ್ಲಿರಿ. ಮೊಮ್ಮಗನ ಕೈಗೆ ತಿನಿಸು ಕೊಡುವ ಅಜ್ಜಿ ಓದಬಲ್ಲಳೇ? ಈ ವಾರ ನಿಮ್ಮ ಓಣಿಯ ಅಂಗಡಿಯಲ್ಲಿ ನಾಲ್ಕು ಪೊಟ್ಟಣ ತಿರುಗಿಸಿ ನೋಡಿ. ಆ ಸಾಲು ಕನ್ನಡದಲ್ಲಿ ಇಲ್ಲದಿದ್ದರೆ ಕಂಪನಿಗೂ ಪ್ರಾಧಿಕಾರಕ್ಕೂ ಪತ್ರ ಹಾಕಿ, ಕನ್ನಡದಲ್ಲೇ ಹಾಕಿ. "ಶೇಂಗಾ ಇದೆ". ಎರಡೇ ಪದ. ಅದಕ್ಕೂ ಜಾಗವಿಲ್ಲ ಎನ್ನುತ್ತಾರೋ, ಕೇಳೋಣ.