ರಕ್ಷೆಯೂ ರಕ್ಷಕನೂ: ಮನೆಯ ಅಂತರ್ಜಾಲದಲ್ಲಿ ವಿಪಿಎನ್‌ನ ಸ್ಥಾನ



ಜ್ಞಾನಪ್ರಸಾರವನ್ನೇ ಉದ್ದೇಶವಾಗಿಟ್ಟುಕೊಂಡ ಇಂಥ ದತ್ತಿ ಉಪನ್ಯಾಸದ ವೇದಿಕೆಯಲ್ಲಿ ಸಾಹಿತ್ಯವನ್ನೋ ಇತಿಹಾಸವನ್ನೋ ಕುರಿತು ಮಾತನಾಡುವುದು ವಾಡಿಕೆ. ಅದನ್ನು ಬಿಟ್ಟು, ಮನೆಯ ಅಂತರ್ಜಾಲಕ್ಕೆ ವಿಪಿಎನ್ (ವರ್ಚುವಲ್ ಪ್ರೈವೇಟ್ ನೆಟ್‌ವರ್ಕ್) ಜೋಡಿಸಿಕೊಳ್ಳುವುದರಿಂದ ನಮ್ಮ ಖಾಸಗಿತನವೂ ಭದ್ರತೆಯೂ ಹೆಚ್ಚುವವೇ ಎಂಬ ಪ್ರಶ್ನೆಯನ್ನು ನಾನು ಆರಿಸಿಕೊಂಡುದಕ್ಕೆ ಕಾರಣವುಂಟು. ೨೦೨೦ರಲ್ಲಿ ಶಾಲೆಗಳು ಮುಚ್ಚಿದಾಗ, ಮಲೆನಾಡಿನ ಮಕ್ಕಳು ಮಳೆಯಲ್ಲಿ ಕೊಡೆ ಹಿಡಿದು, ಗುಡ್ಡದ ನೆತ್ತಿಯಲ್ಲಿ ಸಿಗ್ನಲ್ ಹುಡುಕಿ ಪಾಠ ಕೇಳಿದುದನ್ನು ನಾಡೆಲ್ಲ ಕಂಡಿದೆ. ಅದೇ ಸೀಮೆಯ ಅನೇಕ ತೋಟದ ಮನೆಗಳಿಗೆ ಇಂದು ಫೈಬರ್ ತಂತಿ ಬಂದಿದೆ; ಬೆಂಗಳೂರಿನ ಕಂಪನಿಯ ಕೆಲಸ ಜಗಲಿಯ ಮೇಲೆ ನಡೆಯುತ್ತಿದೆ; ಬ್ಯಾಂಕು, ಪಹಣಿ, ವೈದ್ಯರ ಸಲಹೆ ಎಲ್ಲವೂ ಆ ಒಂದು ಎಳೆಯ ಮೂಲಕವೇ ಹರಿಯುತ್ತಿವೆ. ಸಂಪರ್ಕವೇ ದುರ್ಲಭವಾಗಿದ್ದಾಗ ಏಳದ ಪ್ರಶ್ನೆ, ಸಂಪರ್ಕ ಸುಲಭವಾದೊಡನೆ ಎದ್ದು ನಿಂತಿದೆ: ಈ ಎಳೆಯ ಮೇಲೆ ಕಣ್ಣಿಟ್ಟಿರುವವರು ಯಾರು?

೧. ಹಕ್ಕಿನ ಹಿನ್ನೆಲೆ

ಖಾಸಗಿತನವು ಪಟ್ಟಣಿಗರ ಶೋಕಿಯೆಂದು ತಿಳಿಯುವವರಿಗೆ ನಾನು ಮೊದಲು ನೆನಪಿಸಬೇಕಾದುದು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರನ್ನು. ಎಂಬತ್ತು ದಾಟಿದ ವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲೇ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಕನ್ನಡ ನಾಡಿನ ಹಿರಿಯರೊಬ್ಬರ ಹೆಸರಿನೊಡನೆ ಶಾಶ್ವತವಾಗಿ ಬೆಸೆದುಕೊಂಡಿರುವ ಈ ಹಕ್ಕನ್ನು ನಮ್ಮ ನಮ್ಮ ಮನೆಗಳಲ್ಲಿ ಹೇಗೆ ಕಾಪಾಡಿಕೊಳ್ಳಬೇಕೆಂದು ವಿಚಾರಿಸುವುದು ನಮ್ಮೆಲ್ಲರ ಕರ್ತವ್ಯವೇ ಸರಿ.

೨. ಸುರಂಗದ ಸ್ವರೂಪ

ವಿಪಿಎನ್ ಹುಟ್ಟಿದ್ದು ಗೃಹಸ್ಥರಿಗಾಗಿ ಅಲ್ಲ. ದೂರದೂರಿನಲ್ಲಿರುವ ನೌಕರನು ಸಾರ್ವಜನಿಕ ಅಂತರ್ಜಾಲದ ಮೂಲಕವೇ ತನ್ನ ಕಚೇರಿಯ ಒಳಜಾಲವನ್ನು ನಿರ್ಭಯವಾಗಿ ಸೇರಲೆಂದು ೧೯೯೦ರ ದಶಕದಲ್ಲಿ ರೂಪುಗೊಂಡ ಉಪಾಯವದು. ನಮ್ಮ ಯಂತ್ರಕ್ಕೂ ವಿಪಿಎನ್ ಸಂಸ್ಥೆಯ ಸರ್ವರ್‌ಗೂ ನಡುವೆ ಗೂಢಲಿಪಿಯ ಸುರಂಗವೊಂದು ಏರ್ಪಡುತ್ತದೆ. ನಾವು ಕಳುಹಿಸುವುದೆಲ್ಲವೂ ಅದರೊಳಗೆ ಸಾಗಿ, ಆ ಸರ್ವರಿನಿಂದಾಚೆಗೆ ಲೋಕಕ್ಕೆ ಹೊರಡುತ್ತದೆ. ಆದಕಾರಣ ನಮಗೆ ಸಂಪರ್ಕ ಒದಗಿಸುವ ಕಂಪನಿಗೆ ಸುರಂಗದ ಬಾಯಿ ಮಾತ್ರ ಕಾಣುವುದು; ನಾವು ಭೇಟಿಯಿತ್ತ ಜಾಲತಾಣಕ್ಕೆ ನಮ್ಮ ಮನೆಯ ಐಪಿ ವಿಳಾಸಕ್ಕೆ ಬದಲಾಗಿ ಆ ಸರ್ವರಿನ ವಿಳಾಸ ಕಾಣುವುದು.

ಇಷ್ಟು ಲಾಭವು ನಿಜವಾದ ಲಾಭವೇ. ಆದರೆ ಅದರ ತೂಕವೆಷ್ಟೆಂದು ಅಳೆಯಬೇಕಾದರೆ, ಸುರಂಗವಿಲ್ಲದಿದ್ದಾಗ ಕಾಣುತ್ತಿದ್ದುದೇನೆಂಬುದನ್ನು ಅರಿಯಬೇಕು. ಹಿಂದೆ ಬಹುಪಾಲು ಜಾಲತಾಣಗಳ ವ್ಯವಹಾರ ಬಯಲಲ್ಲೇ ನಡೆಯುತ್ತಿದ್ದು, ನಡುದಾರಿಯಲ್ಲಿರುವ ಯಾರು ಬೇಕಾದರೂ ಓದಬಹುದಾಗಿದ್ದಿತು. ೨೦೧೩ರಲ್ಲಿ ಎಡ್ವರ್ಡ್ ಸ್ನೋಡೆನ್ ಅಮೆರಿಕದ ಬೇಹುಗಾರಿಕೆಯನ್ನು ಬಯಲಿಗೆಳೆದ ಬಳಿಕ, ಮತ್ತು ೨೦೧೫ರ ಕೊನೆಯಿಂದ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯು ಪ್ರಮಾಣಪತ್ರಗಳನ್ನು ಉಚಿತವಾಗಿ ಹಂಚತೊಡಗಿದ ಬಳಿಕ, ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿಯ ಪದ್ಧತಿ ಬಹುತೇಕ ಸರ್ವತ್ರ ವ್ಯಾಪಿಸಿದೆ. ಬ್ಯಾಂಕಿನ ತಾಣದಲ್ಲಿ ನಾವು ಬರೆದುದು ಸಂಪರ್ಕದ ಕಂಪನಿಗೆ ಇಂದು ಓದಲು ಬಾರದು. ಯಾವ ತಾಣಕ್ಕೆ, ಯಾವ ಹೊತ್ತಿನಲ್ಲಿ, ಎಷ್ಟು ಪ್ರಮಾಣದಲ್ಲಿ ವ್ಯವಹಾರ ನಡೆಯಿತೆಂಬುದಷ್ಟೇ ಸಾಮಾನ್ಯವಾಗಿ ತಿಳಿಯುವುದು. ಇವುಗಳಲ್ಲಿ ವಿಪಿಎನ್ ಮರೆಮಾಡುವುದು ಮುಖ್ಯವಾಗಿ ತಾಣದ ಗುರುತನ್ನು. ಇನ್ನು ಗೂಗಲ್, ಫೇಸ್‌ಬುಕ್ ಮೊದಲಾದ ಸಂಸ್ಥೆಗಳು ನಮ್ಮನ್ನು ಗುರುತಿಸುವುದು ಮುಖ್ಯವಾಗಿ ನಾವೇ ಲಾಗಿನ್ ಆದ ಖಾತೆಯಿಂದ, ಬ್ರೌಸರಿನಲ್ಲಿ ಕುಳಿತ ಕುಕೀಗಳಿಂದ, ಆ್ಯಪ್‌ಗಳಿಗೆ ನಾವು ಕೊಟ್ಟ ಅನುಮತಿಗಳಿಂದ. ಸುರಂಗದ ಮೂಲಕ ಹೋಗಿ ನಮ್ಮ ಹೆಸರನ್ನು ನಾವೇ ಹೇಳಿಕೊಂಡ ಮೇಲೆ, ಬಂದ ದಾರಿ ಯಾವುದಾದರೇನು?

೩. ವಿಶ್ವಾಸದ ವರ್ಗಾವಣೆ

ವಿಪಿಎನ್ ಹಾಕಿಕೊಂಡವನು ಸಂಪರ್ಕದ ಕಂಪನಿಯ ಕಣ್ಣನ್ನು ತಪ್ಪಿಸಿ, ಅದೇ ನೋಟವನ್ನು ವಿಪಿಎನ್ ಸಂಸ್ಥೆಗೆ ಒಪ್ಪಿಸುತ್ತಾನೆ. ಹೊಸನಗರ ತಾಲ್ಲೂಕಿನ ನಗರ, ಅಂದರೆ ಅಂದಿನ ಬಿದನೂರು, ೧೭೬೩ರಲ್ಲಿ ಹೈದರಾಲಿಯ ವಶವಾದ ಬಗೆಯನ್ನು ಇಲ್ಲಿ ನೆನೆಯಬಹುದು: ದಟ್ಟವಾದ ಕಾಡೂ ಬೆಟ್ಟಗಳ ಸಾಲೂ ಕಾವಲಿದ್ದ ಆ ರಾಜಧಾನಿಗೆ ಹೈದರನ ಸೇನೆಯನ್ನು ನಡೆಸಿದ್ದು ಕೆಳದಿ ಸಂಸ್ಥಾನದ ಮಂತ್ರಿಯಾಗಿದ್ದವನೇ ತೋರಿದ ಗುಪ್ತಮಾರ್ಗವೆಂದು ಇತಿಹಾಸಕಾರರು ಬರೆದಿರುವರು. ಗುಪ್ತಮಾರ್ಗದ ಭದ್ರತೆಯೆಲ್ಲವೂ ಅದನ್ನು ಬಲ್ಲವನ ನಿಷ್ಠೆಯಲ್ಲಿದೆ.

ಈ ನಿಷ್ಠೆ ಮುರಿದ ನಿದರ್ಶನಗಳಿಗೆ ಕೊರತೆಯಿಲ್ಲ. ೨೦೧೩ರಲ್ಲಿ ಫೇಸ್‌ಬುಕ್ ಕೊಂಡುಕೊಂಡ ಓನಾವೊ ಎಂಬ ವಿಪಿಎನ್, ಬಳಕೆದಾರರ ಮಾಹಿತಿಯನ್ನು ರಕ್ಷಿಸುವುದಾಗಿ ಹೇಳಿಕೊಂಡು, ಜನರು ಬೇರೆ ಯಾವ ಆ್ಯಪ್‌ಗಳನ್ನು ಎಷ್ಟು ಬಳಸುವರೆಂಬ ವಿವರವನ್ನು ತನ್ನ ಒಡೆಯರಿಗೆ ಒಪ್ಪಿಸುತ್ತಿದ್ದಿತು. ಇದಕ್ಕಾಗಿ ಆಸ್ಟ್ರೇಲಿಯದ ನ್ಯಾಯಾಲಯವು ೨೦೨೩ರಲ್ಲಿ ಫೇಸ್‌ಬುಕ್‌ನ ಎರಡು ಅಂಗಸಂಸ್ಥೆಗಳಿಗೆ ಒಟ್ಟು ೨ ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ೨೦೧೬ರಲ್ಲಿ ಸಂಶೋಧಕರು ೨೮೩ ಆಂಡ್ರಾಯ್ಡ್ ವಿಪಿಎನ್ ಆ್ಯಪ್‌ಗಳನ್ನು ಪರೀಕ್ಷಿಸಿದಾಗ, ಶೇಕಡಾ ೧೮ರಷ್ಟು ಆ್ಯಪ್‌ಗಳಲ್ಲಿ ಗೂಢಲಿಪಿಯೇ ಇರಲಿಲ್ಲ. ಶೇಕಡಾ ೭೫ರಷ್ಟರಲ್ಲಿ ಬಳಕೆದಾರರ ಜಾಡುಹಿಡಿಯುವ ಅನ್ಯಸಂಸ್ಥೆಗಳ ತಂತ್ರಾಂಶಗಳು ಸೇರಿದ್ದವು. ಗೃಹಸ್ಥರು ಬೆಚ್ಚಿಬೀಳಬೇಕಾದ ಪ್ರಸಂಗವೆಂದರೆ ೨೦೨೪ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ ಭೇದಿಸಿದ ‘೯೧೧ ಎಸ್೫’ ಎಂಬ ಜಾಲದ್ದು. ಮಾಸ್ಕ್‌ವಿಪಿಎನ್, ಡ್ಯೂವಿಪಿಎನ್ ಮೊದಲಾದ ಉಚಿತ ವಿಪಿಎನ್‌ಗಳನ್ನು ಹಾಕಿಕೊಂಡವರ ಕಂಪ್ಯೂಟರುಗಳನ್ನು ಆ ಜಾಲದವರು ತಮ್ಮ ಕೈವಶ ಮಾಡಿಕೊಂಡು, ಒಂದು ಕೋಟಿ ತೊಂಬತ್ತು ಲಕ್ಷಕ್ಕೂ ಮಿಕ್ಕ ಐಪಿ ವಿಳಾಸಗಳನ್ನು ಅಪರಾಧಿಗಳಿಗೆ ಬಾಡಿಗೆಗೆ ಕೊಟ್ಟಿದ್ದರು. ತನ್ನ ವಿಳಾಸವನ್ನು ಮರೆಮಾಡಲು ಹೋದ ಅಮಾಯಕನ ವಿಳಾಸವೇ ಪರರ ವಂಚನೆಗೆ ಮುಖವಾಡವಾಯಿತು.

ಹಣ ತೆತ್ತು ಕೊಳ್ಳುವ ಪ್ರಾಮಾಣಿಕ ಸೇವೆಗಳಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಅವುಗಳಿಗೂ ದೇಶದ ಶಾಸನ ಅನ್ವಯಿಸುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸಿಇಆರ್‌ಟಿ-ಇನ್ ೨೦೨೨ರ ಏಪ್ರಿಲ್ ೨೮ರಂದು ಹೊರಡಿಸಿದ ನಿರ್ದೇಶನದಂತೆ, ವಿಪಿಎನ್ ಸಂಸ್ಥೆಗಳು ಗ್ರಾಹಕರ ಹೆಸರು, ವಿಳಾಸ, ಅವರಿಗಿತ್ತ ಐಪಿ ಮೊದಲಾದ ವಿವರಗಳನ್ನು ಐದು ವರ್ಷಗಳ ಕಾಲ ಕಾಯ್ದಿಡಬೇಕು. ಇದನ್ನೊಪ್ಪದ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಸಂಸ್ಥೆಗಳು ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನೇ ತೆಗೆದವು. ಅಂಥ ಸೇವೆಯನ್ನು ತೀರ್ಥಹಳ್ಳಿಯಲ್ಲಿ ಕುಳಿತು ಬಳಸಿದರೆ ನಮ್ಮ ಮಾಹಿತಿ ಹೊರದೇಶಕ್ಕೆ ಹೋಗಿ ಮರಳಬೇಕು. ಮಳೆಗಾಲದಲ್ಲಿ ಮೊದಲೇ ನಿಧಾನವಾದ ಸಂಪರ್ಕ ಮತ್ತಷ್ಟು ನಿಧಾನವಾಗುವುದು.

೪. ಮೋಡೆಮಿನ ತಳದ ಚೀಟಿ

ಗೋಪ್ಯತೆಯ ಮಾತು ಇಷ್ಟಾಯಿತು. ಭದ್ರತೆಯ ಮಾತಿಗೆ ನಮ್ಮ ರಾಜ್ಯದಲ್ಲೇ ನಡೆದ ಘಟನೆಯೊಂದಿದೆ. ೨೦೧೭ರ ಜುಲೈನಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವಲಯದಲ್ಲಿ ಬಹುಸಂಖ್ಯೆಯ ಬ್ರಾಡ್‌ಬ್ಯಾಂಡ್ ಮೋಡೆಮುಗಳು ದುಷ್ಟತಂತ್ರಾಂಶವೊಂದರ ದಾಳಿಗೆ ಸಿಕ್ಕಿ ನಿಷ್ಕ್ರಿಯವಾದವು. ಕಾರ್ಖಾನೆಯಿಂದ ಬಂದಾಗ ಇದ್ದ ಪಾಸ್‌ವರ್ಡನ್ನು ಬದಲಿಸದ ಮೋಡೆಮುಗಳೇ ಅದಕ್ಕೆ ಆಹುತಿಯಾದುದು. ಪಾಸ್‌ವರ್ಡ್ ಬದಲಿಸಿಕೊಳ್ಳಿರೆಂದು ಸಂಸ್ಥೆ ಗ್ರಾಹಕರಿಗೆ ತಿಳಿಸಬೇಕಾಯಿತು. ಅದಕ್ಕೆ ಹಿಂದಿನ ವರ್ಷವೇ ಮಿರಾಯ್ ಎಂಬ ತಂತ್ರಾಂಶವು ಇದೇ ದೌರ್ಬಲ್ಯವನ್ನು ಬಳಸಿ ಲೋಕದಾದ್ಯಂತ ಕ್ಯಾಮೆರಾ, ರೂಟರುಗಳನ್ನು ಸೆರೆಹಿಡಿದು, ಅಕ್ಟೋಬರ್ ೨೧ರಂದು ದೊಡ್ಡ ದೊಡ್ಡ ಜಾಲತಾಣಗಳನ್ನೇ ಸ್ತಬ್ಧಗೊಳಿಸಿದ್ದಿತು. ಮನೆಮಂದಿಯ ಫೋನುಗಳಲ್ಲೆಲ್ಲ ವಿಪಿಎನ್ ಇದ್ದಿದ್ದರೂ ಆ ಮೋಡೆಮುಗಳಲ್ಲಿ ಒಂದೂ ಉಳಿಯುತ್ತಿರಲಿಲ್ಲ.

ಮನೆಗೆ ಹೋದೊಡನೆ ತಾವು ಮೋಡೆಮನ್ನು ಮಗುಚಿ ನೋಡಬೇಕೆಂದು ನನ್ನ ಪ್ರಾರ್ಥನೆ. ತಳದಲ್ಲೊಂದು ಚೀಟಿ ಅಂಟಿಸಿರುತ್ತದೆ: ವೈ-ಫೈ ಹೆಸರು, ಅದರ ಪಾಸ್‌ವರ್ಡ್, ಮತ್ತು ಸಾಮಾನ್ಯವಾಗಿ ೧೯೨.೧೬೮.೧.೧ ಎಂಬ ಅಂಕಿ; ಅನೇಕ ಮೋಡೆಮುಗಳಲ್ಲಿ ಬಳಕೆದಾರನ ಹೆಸರೂ ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’. ಆ ಅಂಕಿಯನ್ನು ಬ್ರೌಸರಿನಲ್ಲಿ ಬರೆದರೆ ತೆರೆಯುವ ಪುಟವು ಇಡೀ ಮನೆಯ ಜಾಲಕ್ಕೆ ಯಜಮಾನ. ಅದರ ಪಾಸ್‌ವರ್ಡ್ ಬದಲಿಸುವುದು, ಹೊರಗಿನಿಂದ ಪ್ರವೇಶಿಸುವ ಸೌಲಭ್ಯವನ್ನು ಮುಚ್ಚುವುದು, ತಂತ್ರಾಂಶವನ್ನು ನವೀಕರಿಸುವುದು: ಇವಿಷ್ಟಕ್ಕೆ ಕಾಸೂ ಖರ್ಚಾಗದು.

ಹಣ ಕಳೆದುಕೊಳ್ಳುವವರ ಕಥೆಯಾದರೂ ಇದೇ. ವಾಟ್ಸಾಪಿನಲ್ಲಿ ಮದುವೆಯ ಕರೆಯೋಲೆಯ ಹೆಸರಿನಲ್ಲಿ ಬಂದ ಎಪಿಕೆ ಎಂಬ ಆ್ಯಪ್ ಕಡತವನ್ನು ತೆರೆದವರನ್ನು, ಒಟಿಪಿ ಹೇಳಿದವರನ್ನು, ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲದ ‘ಡಿಜಿಟಲ್ ಅರೆಸ್ಟ್’ಗೆ ಅಂಜಿ ಉಳಿತಾಯವನ್ನೆಲ್ಲ ವರ್ಗಾಯಿಸಿದ ವೃದ್ಧರನ್ನು ಯಾವ ಸುರಂಗವೂ ಕಾಯಲಾರದು. ಅಂಥವರಿಗೆ ಒದಗಬೇಕಾದುದು ವಿಳಂಬವಿಲ್ಲದೆ ಸೈಬರ್ ವಂಚನೆಯ ಸಹಾಯವಾಣಿ ೧೯೩೦ಕ್ಕೆ ಕರೆ ಮಾಡುವ ಎಚ್ಚರ, ಮತ್ತು ಅವರನ್ನು ಹಳಿಯದೆ ಪಕ್ಕದಲ್ಲಿ ನಿಲ್ಲುವ ಮನೆಯವರು.

೫. ಉಪಯೋಗದ ಎಡೆಗಳು

ಹಾಗಾದರೆ ವಿಪಿಎನ್ ವ್ಯರ್ಥವೇ? ಖಂಡಿತವಾಗಿಯೂ ಅಲ್ಲ. ಸಾಗರದ ಮನೆಯಿಂದ ಬೆಂಗಳೂರಿನ ಕಚೇರಿಗೆ ದುಡಿಯುವವನು ಕಚೇರಿ ಕೊಟ್ಟ ವಿಪಿಎನ್ ಬಳಸಲೇಬೇಕು. ಅದು ಹುಟ್ಟಿದ್ದೇ ಅದಕ್ಕಾಗಿ. ತನ್ನ ಜಾಡು ಸಿಕ್ಕರೆ ಅಪಾಯಕ್ಕೊಳಗಾಗುವ ಪತ್ರಕರ್ತನಿಗೂ, ಲಾಡ್ಜಿನ ಅಪರಿಚಿತ ವೈ-ಫೈ ಬಳಸುವ ಪ್ರಯಾಣಿಕನಿಗೂ ನಂಬಿಕೆಗೆ ಅರ್ಹವಾದ ಸೇವೆಯಿಂದ ಪ್ರಯೋಜನವುಂಟು.

ನಮ್ಮ ಸೀಮೆಗೇ ವಿಶೇಷವಾದ ಮತ್ತೊಂದು ಪ್ರಯೋಜನವಿದೆ. ಕೊಯ್ಲಿನ ಕಾಲದಲ್ಲಿ, ಬೇಯಿಸಿ ಅಂಗಳದಲ್ಲಿ ಹರಡಿದ ಅಡಿಕೆಗೆ ಕಳ್ಳರ ಭಯವಿರುವುದರಿಂದ ಅನೇಕರು ಸಿಸಿಟಿವಿ ಹಾಕಿಸಿರುವರು. ಪೇಟೆಯಲ್ಲಿದ್ದಾಗಲೂ ಅಂಗಳ ಕಾಣಲೆಂದು ಕ್ಯಾಮೆರಾದ ಬಾಗಿಲನ್ನು ಲೋಕಕ್ಕೆಲ್ಲ ತೆರೆದಿಟ್ಟರೆ, ಅಡಿಕೆಯೊಡನೆ ಮನೆಯ ಹೆಂಗಸರು ಮಕ್ಕಳ ಓಡಾಟವೂ ಪರರಿಗೆ ಕಾಣುವ ಅಪಾಯವುಂಟು. ಅದಕ್ಕೆ ಪ್ರತಿಯಾಗಿ ವೈರ್‌ಗಾರ್ಡ್‌ನಂಥ ಮುಕ್ತ ತಂತ್ರಾಂಶದಿಂದ ಮನೆಯಲ್ಲೇ ತಮ್ಮದೊಂದು ವಿಪಿಎನ್ ಸ್ಥಾಪಿಸಿ, ಅದರ ಮೂಲಕ ಮಾತ್ರ ಒಳಗೆ ಬರುವಂತೆ ಮಾಡಿದರೆ, ಸುರಂಗದ ಎರಡು ಕೊನೆಗಳೂ ಮನೆಯವರ ಕೈಯಲ್ಲೇ ಇರುತ್ತವೆ. ಮೂರನೆಯವನ ನಿಷ್ಠೆಯನ್ನು ನೆಚ್ಚಬೇಕಾಗಿಲ್ಲ. ಮನೆಯ ಬಳಕೆಗೆ ವಿಪಿಎನ್‌ನ ಅತ್ಯುತ್ತಮ ರೂಪ ಇದೆಂದು ನಾನು ಭಾವಿಸುತ್ತೇನೆ.

೬. ಸಮಾಜದ ಪಾತ್ರ

ಒಟ್ಟಿನಲ್ಲಿ ನನ್ನ ನಿರ್ಣಯವಿದು: ಹೊರಗಿನ ಸಂಸ್ಥೆಯಿಂದ ಪಡೆದ ವಿಪಿಎನ್ ಸಾಮಾನ್ಯ ಗೃಹಸ್ಥನ ಗೋಪ್ಯತೆಯನ್ನು ಅಲ್ಪವಾಗಿ ಹೆಚ್ಚಿಸೀತು, ಭದ್ರತೆಯನ್ನು ಬಹುಮಟ್ಟಿಗೆ ಇದ್ದಲ್ಲಿಯೇ ಬಿಟ್ಟೀತು, ಉಚಿತವಾದುದಾದರೆ ಎರಡನ್ನೂ ಕೆಡಿಸೀತು. ಉಳಿದುದಕ್ಕೆ ಗೃಹಸ್ಥನ ಎಚ್ಚರವೂ, ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಂಥ ಶಾಸನದ ಪ್ರಾಮಾಣಿಕ ಪಾಲನೆಯೂ ಬೇಕು.

ಆದರೆ ಎಚ್ಚರವನ್ನು ಒಬ್ಬೊಬ್ಬರ ಪಾಲಿಗೆ ಬಿಟ್ಟುಬಿಡುವುದು ನ್ಯಾಯವಲ್ಲ. ಮಕ್ಕಳು ದೂರದ ಊರುಗಳಲ್ಲಿದ್ದು, ವೃದ್ಧ ದಂಪತಿಗಳಿಬ್ಬರೇ ಉಳಿದಿರುವ ತೋಟದ ಮನೆಗಳು ನಮ್ಮಲ್ಲಿ ಅಸಂಖ್ಯ. ಮೋಡೆಮಿನ ಪುಟವನ್ನು ತೆರೆಯಿರೆಂದು ಅವರಿಗೆ ಹೇಳಿ ಕೈತೊಳೆದುಕೊಳ್ಳಲಾಗದು. ಅಡಿಕೆಯ ಮಾರಾಟವನ್ನು ಸಹಕಾರ ತತ್ತ್ವದ ಮೇಲೆ ಕಟ್ಟಿ ಬೆಳೆಸಿದ ಈ ಸೀಮೆಗೆ ಇದೊಂದು ಅಸಾಧ್ಯವಾದ ಕಾರ್ಯವೇನಲ್ಲ. ಸಹಕಾರ ಸಂಘಗಳೂ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳೂ ಪ್ರೌಢಶಾಲೆಗಳೂ ಕೂಡಿ, ಬಲ್ಲ ತರುಣ ತರುಣಿಯರನ್ನು ಮನೆಮನೆಗೆ ಕಳುಹಿಸಿ, ಯಜಮಾನರ ಎದುರಿಗೇ ಪಾಸ್‌ವರ್ಡ್ ಬದಲಿಸಿಕೊಟ್ಟು, ಹೊಸದನ್ನು ಅವರ ಕೈಯಿಂದಲೇ ಬರೆಸಿ, ತಾವು ನೋಡದೆ ಹಿಂದಿರುಗುವ ಶಿಸ್ತನ್ನು ಆ ತರುಣರಿಗೆ ಕಲಿಸಬೇಕು. ಮುಂದಿನ ವರ್ಷದ ಉಪನ್ಯಾಸಕ್ಕೆ ತಾವು ಕೂಡುವುದರೊಳಗೆ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಒಂದೊಂದು ಗ್ರಾಮವಾದರೂ ಈ ಕೆಲಸವನ್ನು ಪೂರೈಸಿದ್ದರೆ, ದತ್ತಿಯ ಸ್ಥಾಪಕರ ಆಶಯ ನೆರವೇರಿತೆಂದು ನಾನು ತಿಳಿಯುವೆನು.