ಬಿತ್ತನೆಯ ಮಡಕೆ

ಹಗೇವು ಎಂಬ ಮಾತು ಪಾಠದಲ್ಲಿ ಬಂದಾಗಲೆಲ್ಲ, ನೆಲದಲ್ಲಿ ತೋಡಿದ ಧಾನ್ಯದ ಗುಂಡಿ ಎಂದಷ್ಟೇ ಹೇಳಿ ನಾನು ಮುಂದೆ ಸಾಗುತ್ತಿದ್ದೆ. ಆ ಅರ್ಥ ತಪ್ಪಲ್ಲ, ಆದರೆ ಅರ್ಧ. ನಮ್ಮ ಹಳೆಯ ಮೈಸೂರಿನ ಬಯಲು ಸೀಮೆಯಲ್ಲಿ ಹಗೇವಿಗೆ ಇಳಿಯುತ್ತಿದ್ದುದು ಉಣ್ಣುವ ರಾಗಿ. ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಗಾಳಿ ಕೆಟ್ಟು ಹುಳು ಬದುಕದು. ತೆರೆದ ದಿನ ಮನುಷ್ಯನೂ ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯಬೇಕು. ವರ್ಷಗಟ್ಟಲೆ ಹೀಗೆ ಉಳಿದ ರಾಗಿ ಬರಗಾಲದಲ್ಲಿ ಜನರ ಪ್ರಾಣ ಕಾಯುತ್ತಿತ್ತು.

ಬಿತ್ತುವ ರಾಗಿಯ ದಾರಿಯೇ ಬೇರೆ. ಕುಯ್ಲಿಗೆ ಮುನ್ನ ನಮ್ಮವ್ವ ಹೊಲವೆಲ್ಲ ತಿರುಗಿ ತುಂಬಿದ ತೆನೆಗಳನ್ನು ಆಯ್ದು, ಒಣಗಿಸಿ, ಒಲೆಯ ಬೂದಿ, ಬೇವಿನ ಸೊಪ್ಪು ಬೆರೆಸಿ ಮಡಕೆಯಲ್ಲಿಡುತ್ತಿದ್ದಳು. ಮನೆಯಲ್ಲಿ ಹಿಟ್ಟಿಲ್ಲದ ದಿನವೂ ಅದಕ್ಕೆ ಯಾರೂ ಕೈಹಾಕುವಂತಿರಲಿಲ್ಲ.

ರಾಗಿಯ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳುಗಟ್ಟುತ್ತದೆ. ಆದ್ದರಿಂದ ಮನೆಯಲ್ಲಿ ಉಳಿಸಿದ ಬೀಜ ತಲೆಮಾರು ಕಳೆದರೂ ತನ್ನ ಗುಣ ಬಿಡದು. ಸಂಶೋಧಕನಿಗೆ ಇದೇ ತೊಡಕು; ಅಷ್ಟು ಸಣ್ಣ ಹೂವಿನಲ್ಲಿ ಎರಡು ತಳಿಗಳನ್ನು ಕೂಡಿಸುವುದು ಸುಲಭವಲ್ಲ. ಜನ ಪ್ರೀತಿಯಿಂದ ರಾಗಿ ಲಕ್ಷ್ಮಣಯ್ಯ ಎಂದು ಕರೆದ ವಿಜ್ಞಾನಿ ಮಂಡ್ಯದ ವಿ.ಸಿ. ಫಾರಂನಲ್ಲಿ ಈ ತೊಡಕನ್ನು ಗೆದ್ದು, ಆಫ್ರಿಕದ ರಾಗಿಯನ್ನು ನಮ್ಮ ರಾಗಿಯೊಡನೆ ಕೂಡಿಸಿ, 1970ರ ದಶಕದಲ್ಲಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ರಾಗಿಯ ಮೂಲನೆಲ ಪೂರ್ವ ಆಫ್ರಿಕವಷ್ಟೆ; ಬಹುಕಾಲ ಅಗಲಿದ್ದ ನೆಂಟರು ಮಂಡ್ಯದಲ್ಲಿ ಕಲೆತರೆನ್ನಬೇಕು! ಇಳುವರಿ ಹೆಚ್ಚಿತು. ಹೊಟ್ಟೆ ತುಂಬಿಸಿದ ಆ ಕೆಲಸವನ್ನು ಹಳೆಯದರ ಮೋಹದಿಂದ ಹಳಿಯುವವರ ಜೊತೆ ನಾನಿಲ್ಲ. ಆದರೆ ಹೊಸ ತಳಿಯ ತಾಯಿತಂದೆಯರೂ ರೈತರ ಹೊಲದಿಂದಲೇ ಬಂದವರು. ನಾಳೆ ಬೆಂಕಿರೋಗವನ್ನು ತಡೆಯುವ ಗುಣವೊಂದು ಬೇಕಾದರೆ ಸಂಶೋಧಕ ಮತ್ತೆ ಹಳೆಯ ತಳಿಗಳಲ್ಲಿಯೂ ಹುಡುಕಬೇಕಾಗುತ್ತದೆ.

1984ರಲ್ಲಿ ಅವ್ವ ತೀರಿಕೊಂಡಳು. ಹನ್ನೊಂದರ ದಿನ ಬಂದ ನೆಂಟರಿಗೆ ಹಿಟ್ಟು ಸಾಲದಾದಾಗ, ಅಟ್ಟದ ಮೇಲಿನ ಆ ಮಡಕೆಯನ್ನಿಳಿಸಿ, ಕಾಳನ್ನು ಕೇರಿಸಿ ಗಿರಣಿಗೆ ಕಳುಹಿಸಿದವನು ನಾನೇ.

1998ರಲ್ಲಿ ನಾಟಿ ತಳಿಗಳನ್ನು ಸಂಗ್ರಹಿಸುತ್ತಿದ್ದ ಸಂಶೋಧನೆಯ ವಿದ್ಯಾರ್ಥಿನಿಯೊಬ್ಬಳು ನಮ್ಮೂರಿಗೆ ಬಂದು, ಹಸಿರುಕಂಬಿ ರಾಗಿ ಇದೆಯೇ ಎಂದು ಕೇಳಿದಳು. ನಾನು ಆ ಹೆಸರನ್ನು ಪದ ಬಿಡಿಸಿ ವಿವರಿಸತೊಡಗಿದೆ. ಆಕೆ ವಿನಯದಿಂದ ಬರೆದುಕೊಂಡು, “ಕಾಳು ಒಂದು ಹಿಡಿಯಾದರೂ ಸಿಗಬಹುದೇ, ಸಾರ್?” ಎಂದಳು.

ಇರಲಿಲ್ಲ. ಕೇರಿಯ ಮನೆಗಳನ್ನು ತೋರಿಸಲು ಅವಳೊಡನೆ ನಡೆದೆ. ನಾಲ್ಕನೆಯ ಮನೆಯ ಅಜ್ಜಿ ಹೆಸರು ಕೇಳಿದೊಡನೆ ಒಳಗೆ ಹೋಗಿ, ಸೆರಗಿನಲ್ಲಿ ಒಂದಿಷ್ಟು ಕಾಳು ತಂದು, ನನ್ನ ಮುಖ ನೋಡಿ ಹೇಳಿದಳು: “ನಿಮ್ಮವ್ವ ಕೊಟ್ಟಿದ್ದ ಬಿತ್ತನೇನೆ ಕಣಪ್ಪ ಇದು.”